ವಾಲ್ ಕಾಕಾ

ಯಾದಗಿರಿ, ಶಹಾಪುರ, ಸುರಪುರ, ಯಾವ ಊರಿಗೆ ಬೇಕಾದರೂ ಹೋಗಿ. ಹೊಸ ಮನೆ ಎದ್ದ ಓಣಿಯೊಳಗೆ ಒಬ್ಬ ಕಾಕಾ ಇದ್ದೇ ಇರುತ್ತಾರೆ. ರಿಟೈರ್ಡ್. ಯಾವ ಇಲಾಖೆ ಎಂದರೆ ‘ಸರ್ಕಾರದ್ದೇ’ ಎನ್ನುತ್ತಾರೆ. ಗೌಂಡಿಗೂ ಬಡಿಗನಿಗೂ ಸಲಹೆ ಕೊಟ್ಟು ಪಳಗಿದ ಇವರಿಗೆ ಪ್ಲಂಬರ್ ಬಂದ ದಿನ ಜಾತ್ರೆ. ಹೊಸದಾಗಿ ಕೂಡಿಸಿದ ಶವರಿನಿಂದ ಹನಿ ನೀರು ಬಾರದಿದ್ದರಂತೂ ತೇರೇ ಎಳೆದಂತೆ.

‘ನೀರ ಬರವಲ್ದು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೆಗಲಿಗೆ ಟವಲು ಹಾಕಿಕೊಂಡು ಬಚ್ಚಲ ಬಾಗಿಲಿಗೆ ಹಾಜರ್. ಶವರಿನ ತೊಂದರೆಯನ್ನು ಶವರಿನ ಹತ್ತಿರ ಹುಡುಕುವುದು ಕಾಕಾರ ಜಾಯಮಾನವಲ್ಲ. ಅವರು ನಾರಾಯಣಪುರದ ಅಣೆಕಟ್ಟಿನಿಂದ ಶುರು ಮಾಡುತ್ತಾರೆ. ‘ಬಸವಸಾಗರದಾಗ ಈಗ ನೀರ ಎಷ್ಟ ಅದ, ಗೊತ್ತದೇನು?’ ಅಲ್ಲಿಂದ ಭೀಮಾ ನದಿ. ಅಲ್ಲಿಂದ, 2009ರ ಡಿಸೆಂಬರ್ 30ಕ್ಕೆ ನಾವು ಬೇರೆ ಜಿಲ್ಲೆಯಾದರೂ ಪೈಪು ಮಾತ್ರ ಇನ್ನೂ ಕಲಬುರಗಿ ಕಾಲದ್ದೇ ಎಂಬ ದೂರು. ಈ ಮನೆಯ ಪೈಪು ಹಾಕಿ ತಿಂಗಳೂ ಆಗಿಲ್ಲ, ನೀರು ಬರಬೇಕಾದದ್ದು ಮಾಳಿಗೆ ಮೇಲಿನ ಟಾಕಿಯಿಂದ ಎನ್ನುವುದು ಅವರ ಮಾತಿಗೆ ಅಡ್ಡಿಯಲ್ಲ.

ಶಹಾಪುರದ ಕಾಕಾ ಆಗಿದ್ದರೆ ಸುಣ್ಣದಕಲ್ಲಿಗೆ ಬರುತ್ತಾರೆ. ‘ಬೋರಿನ ನೀರ ಗಡಸ ಅದ ತಮ್ಮಾ, ಒಳಗ ಎಲ್ಲಾ ಕಲ್ಲಾಗಿ ಹೋಗ್ಯದ.’ ಗಡಸು ನೀರು ಶವರಿನ ತೂತು ಮುಚ್ಚುತ್ತದೆ ಎನ್ನುವುದೇನೋ ಖರೆ. ಆದರೆ ಅದಕ್ಕೆ ಆ ನೀರು ಮೊದಲು ಶವರಿನ ತನಕ ಬರಬೇಕಲ್ಲ! ಸುರಪುರದವರು ಸೀದಾ ಬ್ರಿಟಿಷರ ಕಾಲದ ಟೇಲರ್ ಸಾಹೇಬನ ಹತ್ತಿರ ಹೋಗುತ್ತಾರೆ: ‘ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಕಟ್ಟಿದ್ನಲ್ಲ, ಅಲ್ಲಿಗೆ ನೀರ ಹೆಂಗ ಏರಿಸಿದ್ದ, ಹೇಳ್ರಿ?’ ಯಾರೂ ಹೇಳುವುದಿಲ್ಲ. ಕಾಕಾರೂ ಹೇಳುವುದಿಲ್ಲ.

ಇಷ್ಟೂ ಹೊತ್ತು ಪ್ಲಂಬರ್ ಹುಡುಗ ಬೋರಲು ಹಾಕಿದ ಬಕೆಟ್ ಮೇಲೆ ಕೂತು, ಟೆಫ್ಲಾನ್ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ‘ಹೌದ್ರಿ ಕಾಕಾ’ ಎನ್ನುತ್ತಿರುತ್ತಾನೆ. ಅವನಿಗೆ ಸಂಗತಿ ಗೊತ್ತು. ಗೋಡೆಯೊಳಗೆ ಹುಗಿಯುವ ಕೆಲವು ವಾಲ್‌ಗಳಿಗೆ ಎರಡೂ ಮಗ್ಗುಲಲ್ಲಿ, ಬಿಸಿನೀರಿಗೊಂದು ತಣ್ಣೀರಿಗೊಂದು, ಸ್ಕ್ರೂ ತರಹದ ಸಣ್ಣ ಸ್ಟಾಪರ್ ಇರುತ್ತವೆ. ಟೈಲ್ಸ್ ಕೂಡಿಸುವಾಗ ಉಳಿದ ನಳ ನಡೆಯಲಿ, ಇದೊಂದು ಬಂದಿರಲಿ ಎಂದು ಅವನ್ನು ತಿರುವಿಟ್ಟವನು ಅವನೇ. ಗೊತ್ತಿಲ್ಲದವನಾದರೂ ಟಾಕಿಯ ವಾಲ್ ಬಂದ್ ಮಾಡಿ, ಒಳಗಿನ ಕಾರ್ಟ್ರಿಜ್ ಬಿಚ್ಚಿ, ಟಾಕಿಯನ್ನು ಸ್ವಲ್ಪೇ ಸ್ವಲ್ಪ ಬಿಟ್ಟು ನೋಡಬಹುದು. ನೀರು ಚಿಮ್ಮಿದರೆ ಕಾರ್ಟ್ರಿಜ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರೊಳಗೆ ಟೇಪಿನ ಚೂರೋ ಸಿಮೆಂಟಿನ ಹರಳೋ ಸಿಕ್ಕಿದೆ. ಚಿಮ್ಮದಿದ್ದರೆ ಹಿಂದೆಲ್ಲೋ ಬಂದಾಗಿದೆ. ದೊಡ್ಡ ಕೆಲಸವೇನಲ್ಲ. ಆದರೆ ಇವನದು ದಿನದ ಪಗಾರ, ಮತ್ತೆ ಇನ್ನೊಂದು ಚಾ ಬರುವುದು ಬಾಕಿ ಇದೆ.

ಆ ಚಾ ಮುಗಿಸಿ, ಕಪ್ಪನ್ನು ಕಿಟಕಿಯಲ್ಲಿಟ್ಟು ಏಳುತ್ತಾನೆ. ‘ಜರಾ ಸರೀರಿ ಕಾಕಾ.’ ಮುಚ್ಚಳ ತೆಗೆದು ಸ್ಕ್ರೂಡ್ರೈವರಿನಿಂದ ಆ ಕಡೆಗಷ್ಟು, ಈ ಕಡೆಗಷ್ಟು. ಪೈಪಿನೊಳಗೆ ಗಾಳಿ ಗೊರ್ರೆಂದು, ಶವರ್ ಕೆಮ್ಮಿ, ಒಂದಿಷ್ಟು ಬೂದು ರಾಡಿ ಉಗುಳಿ, ನೀರು ಬಿಡುತ್ತದೆ.

‘ನಾ ಏನ್ ಹೇಳಿದ್ನಿ?’ ಎಂದು ಕಾಕಾ ಎಲ್ಲರ ಮುಖ ನೋಡುತ್ತಾರೆ. ಏನು ಹೇಳಿದ್ದರು ಎಂದು ನೆನಪಿಸುವ ಧೈರ್ಯ ಯಾರಿಗಿದೆ? ಆಮೇಲೆ ಧಾರೆಗೆ ಅಂಗೈ ಒಡ್ಡಿ ಹುಬ್ಬು ಗಂಟಿಕ್ಕುತ್ತಾರೆ. ‘ಪ್ರೆಶರ್ ಇಲ್ಲ. ಟಾಕಿ ಏರಸ್ರಿ, ಇಲ್ಲಂದ್ರ ಪಂಪ್ ಕೂಡಸ್ರಿ.’

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಟಾಕಿ ಶವರಿಗಿಂತ ಒಂದಾಳೆತ್ತರ ಮೇಲೆ ಕೂತಿದ್ದರೆ ಕಾಲು ಬಾರೂ ಹುಟ್ಟುವುದಿಲ್ಲ. ಅಂದರೆ ಇಡೀ ಮುಂಜಾನೆಯಲ್ಲಿ ಕಾಕಾ ಆಡಿದ ಕೆಲಸಕ್ಕೆ ಬರುವ ಮಾತು ಇದೊಂದೇ, ಕೇಳುವವರು ಮಾತ್ರ ಯಾರೂ ಇಲ್ಲ. ಪ್ಲಂಬರ್ ಪಾನಾ ಚೀಲಕ್ಕೆ ಹಾಕಿ ಪಗಾರ ಎಣಿಸುತ್ತಿದ್ದಾನೆ. ಮನೆಯಾಕೆ ಶವರಿನ ಕೆಳಗೆ ಬಕೆಟ್ ಇಟ್ಟು ಅರಿವಿ ನೆನೆಹಾಕಿಯಾಗಿದೆ.