ಗೋಲಿಗುಣಿ ಮತ್ತು ಗಾಲ್ಫ್: ಐದು ತಾಲ್ಲೂಕುಗಳ ಒಂದು ಗಹನ ಅಧ್ಯಯನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವ ಈ ಐದು ತಾಲ್ಲೂಕುಗಳೇ ಗಾಲ್ಫ್‌ನ ಪಟ್ಟಿಂಗ್, ಅಂದರೆ ಚೆಂಡನ್ನು ಗುಣಿಗೆ ಉರುಳಿಸುವ ವಿದ್ಯೆಯ ತವರು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲದ ಶಾಸನಗಳಲ್ಲಿ ದಾನದತ್ತಿಗಳುಂಟು, ಗಾಲ್ಫ್‌ನ ಸುಳಿವಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು? ಪ್ರತಿಪಾದನೆ ಅಲ್ಲಿಗೆ ಸಿದ್ಧವಾಯಿತು.

ಆದರೂ ಪೂರ್ವಪಕ್ಷಕ್ಕೆ ಕಿವಿಗೊಡಬೇಕು: ಗಾಲ್ಫ್‌ಗೆ ಕಟ್ಟುನಿಟ್ಟಿನ ಅಳತೆಯುಂಟು, ಗೋಲಿಗಿಲ್ಲ. ಗಾಲ್ಫ್‌ನ ಗುಣಿ ನಾಲ್ಕೂಕಾಲು ಅಂಗುಲ ಅಗಲ. ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಕೂಡದು. ಕೂಡ್ಲಿಗಿಯ ಮಸಾರಿ ನೆಲದಲ್ಲಿ ಗೋಲಿಯಾಡುವ ಹುಡುಗ ಹಿಮ್ಮಡಿ ಊರಿ ಗಿರ್ರನೆ ತಿರುಗಿದರೆ ಗುಣಿ ತಯಾರು, ಅಳತೆ ಅವನ ಹಿಮ್ಮಡಿಯದು. ಆಮೇಲೆ ಅಂಗೈಯಿಂದ ಧೂಳು ಸವರುತ್ತಾನೆ, ದಾರಿಗಡ್ಡ ಬಂದ ಹರಳು ಆಯ್ದೆಸೆಯುತ್ತಾನೆ, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೆಲದ ವಾಲು ನೋಡುತ್ತಾನೆ. ಟಿ.ವಿ.ಯಲ್ಲಿ ಕೋಟ್ಯಧೀಶ ಆಟಗಾರರು ಕೂರುವುದೂ ಹೀಗೆಯೇ. ಅದಕ್ಕೆ ಅವರು ಗ್ರೀನ್ ರೀಡಿಂಗ್ ಎನ್ನುತ್ತಾರೆ, ಇವನಿಗೆ ಬೈಗುಳ ಸಿಗುತ್ತದೆ.

ನೆಲದ ಓಟ ಅಳೆಯುವ ಉಪಾಯವನ್ನು 1935ರಲ್ಲಿ ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ ಹೂಡಿದ. ಈಗಿನ ಸ್ಟಿಂಪ್‌ಮೀಟರ್ 36 ಅಂಗುಲದ ತೋಡುಪಟ್ಟಿ. ಒಂದು ತುದಿ ಮೆಲ್ಲಗೆ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಗೆ ಚೆಂಡು ತಾನಾಗಿ ಬಿಟ್ಟುಕೊಳ್ಳುತ್ತದೆ. ಎಷ್ಟು ಅಡಿ ಉರುಳಿತೋ ಅದೇ ಆ ನೆಲದ ವೇಗ. ಬೇಸಿಗೆಯಲ್ಲಿ ಬಿರಿದ ಎರೆಹೊಲದಲ್ಲಿ ಈ ಪ್ರಯೋಗ ನಡೆಸಿದರೆ ಚೆಂಡು ಬಿರುಕಿಗಿಳಿದು, ಫಲಿತಾಂಶವನ್ನು ಆಳದಲ್ಲಿ ದಾಖಲಿಸಬೇಕಾದೀತು. ಹಗರಿ ಹೊಳೆಯ ಮರಳನ್ನಂತೂ ಬಂಕರ್ ಎಂಬ ಮರಳುಗುಂಡಿಯ ಅಧ್ಯಯನಕ್ಕೆ ಮೀಸಲಿಡುವುದು ಲೇಸು.

ಪ್ರಬಂಧದ ತಿರುಳು ಇಲ್ಲಿದೆ: ವೇಗ ಮೊದಲು, ಚೆಂಡಿನ ದಾರಿಯ ಗೆರೆ ಆಮೇಲೆ. ಹೊರಟಾಗ ಚೆಂಡು ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಓಟ ತಗ್ಗಿದಂತೆ ಇಳಿಜಾರು ಅದನ್ನು ಎಳೆಯುತ್ತದೆ. ಏರಿಗೆ ಜೋರಾಗಿ ಹೊಡೆಯಬೇಕು, ಚೆಂಡು ವಾಲುವುದು ಕಡಿಮೆ. ಇಳುಕಲಿಗೆ ಮೆಲ್ಲಗೆ ಬಿಡಬೇಕು, ವಾಲುವುದು ಹೆಚ್ಚು. ಸಮತಟ್ಟು ನೆಲದಲ್ಲಿ ಗುಣಿಯ ನಟ್ಟನಡುವಿಗೇ ಬಂದರೂ ಸೆಕೆಂಡಿಗೆ 1.63 ಮೀಟರ್ ದಾಟಿದ ಚೆಂಡು ಒಳಗೆ ಬೀಳದೆಂದು ಭೌತವಿಜ್ಞಾನಿ ಬ್ರಯಾನ್ ಹೋಮ್ಸ್ 1991ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂಚಿಗೆ ಬಂದರೆ ಅಷ್ಟನ್ನೂ ಗುಣಿ ಸೈರಿಸದು. ನಾಸಾ ಬಿಟ್ಟು ಗಾಲ್ಫ್ ಹಿಡಿದ ಡೇವ್ ಪೆಲ್ಜ್ ಅವರ ಸೂತ್ರವೆಂದರೆ, ತಪ್ಪಿದ ಚೆಂಡು ಗುಣಿಯಿಂದ 17 ಅಂಗುಲ ಆಚೆ ನಿಲ್ಲುವ ವೇಗವೇ ವೇಗ. ಗೋಲಿಯಲ್ಲಿ ಈ ಸೂತ್ರ ನಡೆಯುವುದಿಲ್ಲ. 17 ಅಂಗುಲ ಆಚೆ ನಿಂತ ಗುಂಡನ್ನು ಎದುರಾಳಿ ಠಣ್ಣೆಂದು ಹೊಡೆದು ಚರಂಡಿಗೆ ಕಳಿಸಿರುತ್ತಾನೆ.

ಪಟ್ಟಿಂಗ್ ವಿದ್ಯೆಯ ಬಲಕ್ಕೆ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಜೀವಂತ ಉದಾಹರಣೆ. ದೂರದ ಹೊಡೆತದಲ್ಲಿ ಹಲವರಿಗಿಂತ ಹಿಂದಿದ್ದರೂ ಪಟ್ಟರ್ ನಂಬಿಕೊಂಡೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಬಾಗಿಲು ತಟ್ಟಿದರು. ಚೀಲ ಹೊರುವ ಕ್ಯಾಡಿ ಸ್ವತಃ ತಾಯಿ. 2021ರ ಆಗಸ್ಟ್ 7ರಂದು ಕೊನೆಯ ಗುಣಿಯ ಬರ್ಡಿ ಪಟ್ ಸ್ವಲ್ಪದರಲ್ಲಿ ತಪ್ಪಿ, ಪಾರ್‌ಗಿಂತ 15 ಕಡಿಮೆಗೆ ನಾಲ್ಕನೇ ಸ್ಥಾನ. ಕಂಚು 16ಕ್ಕೆ ಹೋಯಿತು. ಅಂದು ಬೆಳಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದವರೂ ಆ ಪಟ್‌ನ ಗೆರೆಯನ್ನು ವ್ಯಾಖ್ಯಾನಿಸಿದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲಿನ ಭವಿಷ್ಯವಾಣಿಯಾದ ಕಾರಣಿಕ ನುಡಿದರೆ, ಅದರಲ್ಲಿ ಮಳೆ, ಬೆಳೆ, ಮುಖ್ಯಮಂತ್ರಿ ಎಲ್ಲವನ್ನೂ ಓದಿಕೊಳ್ಳುವ ನಾಡಿಗೆ ಇದೇನೂ ಹೊಸದಲ್ಲ.

ಕೊಟ್ಟೂರಿನ ತೇರನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ. ಅಲ್ಲಿ ಉರುಳುತ್ತಿರುವಾಗಲೇ ಗಾಲಿಗೆ ಮರ ಕೊಟ್ಟು ದಿಕ್ಕು ತಿದ್ದಬಹುದು. ಗಾಲ್ಫ್‌ನಲ್ಲಿ ಓಡುವ ಚೆಂಡಿಗೆ ಬೇಕೆಂದೇ ಅಡ್ಡ ಬಂದರೆ ದಂಡ.

ಉಳಿದದ್ದು ಹರಪನಹಳ್ಳಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಉರುಳಿತು, ಅಂಚು ಸವರಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ ಗುಣಿಗೆ ಬಿತ್ತು. ಇಷ್ಟು ತಿರುವಿನ ಪಟ್ ಸ್ಕಾಟ್ಲೆಂಡಿನ ಗಾಲ್ಫ್ ಮೈದಾನ ಸೇಂಟ್ ಆಂಡ್ರೂಸ್‌ನಲ್ಲೂ ಸಿಗಲಾರದು. ವಿದ್ವಾಂಸರು ಬಗ್ಗಿ ನೋಡಿದಾಗ ನೆಲದ ವಾಲು ಈ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371(ಜೆ) ವಿಧಿಯ ಕಡೆಗಿರುವುದು ಕಂಡುಬಂತು.