ಕಾರಿಗೆ ಮನೆ ಕಟ್ಟಿ ನೋಡು

ಹದಿನೇಳು ಅಡಿ ಉದ್ದದ ಮನೆಯೊಂದನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಊರೂರು ಸುತ್ತಬಹುದು ಎಂದು ಮೊದಲು ಯೋಚಿಸಿದ ಪುಣ್ಯಾತ್ಮ ಬ್ರಹ್ಮಚಾರಿಯೇ ಇರಬೇಕು. ಸಂಸಾರಸ್ಥನಾಗಿದ್ದರೆ ಅದರೊಳಗೆ ವೆಟ್ ಗ್ರೈಂಡರ್ ಎಲ್ಲಿಡಬೇಕು ಎಂಬ ಪ್ರಶ್ನೆಗೂ ಉತ್ತರ ಬರೆದಿಟ್ಟು ಹೋಗುತ್ತಿದ್ದ.

ಓಹಾಯೋದ ನಮ್ಮ ಮನೆಗೆ ಟ್ರಾವೆಲ್ ಟ್ರೇಲರ್ ಬಂದದ್ದು ಒಗ್ಗರಣೆಯ ದೆಸೆಯಿಂದ. ಪ್ರವಾಸ ಹೋದಾಗ ಹೋಟೆಲ್ ರೂಮಿನಲ್ಲಿ ಸಾಸಿವೆ ಸಿಡಿಸಿದರೆ ಅಲಾರಂ ಹೊಡೆದುಕೊಳ್ಳುತ್ತದೆ. ಸಿಡಿಸದಿದ್ದರೆ ಊರಿನಿಂದ ಬಂದ ಮಾವನವರಿಗೆ ಊಟ ಸೇರುವುದಿಲ್ಲ. "ರೀ, ಅಡುಗೆಮನೆಯನ್ನೇ ಎಳ್ಕೊಂಡು ಹೋಗೋಣ" ಎಂದು ನನ್ನವಳು ತೀರ್ಪು ಕೊಟ್ಟಳು. ಅಮೆರಿಕದ ಬಹುಪಾಲು ಟ್ರೇಲರುಗಳು ತಯಾರಾಗುವ ಎಲ್ಕ್‌ಹಾರ್ಟ್ ಪಕ್ಕದ ಇಂಡಿಯಾನಾದಲ್ಲೇ ಇರುವುದರಿಂದ ಮನೆ ಸುಲಭವಾಗಿಯೇ ಸಿಕ್ಕಿತು. ತಲೆಬಿಸಿ ಶುರುವಾದದ್ದು ಅದನ್ನು ಕಾರಿಗೆ ಕಟ್ಟುವ ಹಿಚ್ಚಿನಿಂದ.

ಹಿಚ್ಚಿನಲ್ಲಿ ಕ್ಲಾಸುಗಳಿವೆ. ಒಂದನೇ ಕ್ಲಾಸು 2,000 ಪೌಂಡಿನವರೆಗೆ, ಎರಡನೆಯದು 3,500ರವರೆಗೆ. ಎರಡಿಂಚು ಚೌಕದ ಬಾಯಿರುವ ಮೂರನೆಯದು 8,000ದವರೆಗೂ ಎಳೆಯುತ್ತದೆ. ಅದರ ತುದಿಗೆ ಕೂರುವ ಉಕ್ಕಿನ ಗುಂಡಿನಲ್ಲೂ ಮೂರು ಅಳತೆ: ಒಂದೂ ಏಳೆಂಟಾಂಶ ಇಂಚು, ಎರಡಿಂಚು, ಎರಡೂ ಐದು ಹದಿನಾರಾಂಶ ಇಂಚು. ಭಿನ್ನರಾಶಿ ಮರೆತವರು ಈ ಹವ್ಯಾಸಕ್ಕೆ ಕೈಹಾಕಬಾರದು. ಗುಂಡು ಅಳತೆಗಿಂತ ಚಿಕ್ಕದಾದರೆ ರಸ್ತೆಯ ಹಳ್ಳದಲ್ಲಿ ಕುಪ್ಪಳಿಸಿದಾಗ ಟ್ರೇಲರ್ ಕಳಚಿಕೊಂಡೀತು. ಹಾಗಾದರೂ ಮೂತಿ ನೆಲಕ್ಕೆ ಬೀಳದಿರಲೆಂದೇ ಕೆಳಗೆ ಎರಡು ಸರಪಳಿಗಳನ್ನು ಕತ್ತರಿ ಆಕಾರದಲ್ಲಿ ಹಾಕುತ್ತಾರೆ.

ಇಷ್ಟಾದ ಮೇಲೆ ನಿಜವಾದ ಭೂತ ಬರುತ್ತದೆ. ಅದರ ಹೆಸರು ಸ್ವೇ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ, ಅಡ್ಡಗಾಳಿ ಬೀಸಿದಾಗ, ಇಳಿಜಾರಿನಲ್ಲಿ ವೇಗ ಏರಿದಾಗ ಟ್ರೇಲರಿನ ಹಿಂಭಾಗ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ವೇಗ ಕಡಿಮೆಯಿದ್ದರೆ ತಾನಾಗಿಯೇ ನಿಲ್ಲುತ್ತದೆ. ಮಿತಿ ದಾಟಿತೋ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕಾರನ್ನೂ ಮಗುಚಿ ಹಾಕಬಹುದು. ಎಳೆಯುವವನೇ ಎಳೆಸಿಕೊಳ್ಳುವುದು ಗೃಹಸ್ಥಾಶ್ರಮದಲ್ಲಿ ಹೊಸದೇನಲ್ಲ. ಹೆದ್ದಾರಿಯಲ್ಲಿ ಮಾತ್ರ ಅಪಾಯ.

ಇದಕ್ಕೆ ಮದ್ದೇನು ಎಂದು ಕೇಳಿದ್ದೇ ತಡ, ವೈದ್ಯರು ಸಾಲುಗಟ್ಟಿದರು. "ಒಂದು ಫ್ರಿಕ್ಷನ್ ಬಾರ್ ಸಾಕು ಮಾರಾಯ" ಎಂದ ಕನ್ನಡ ಕೂಟದ ಗೆಳೆಯ. ಅದು ಉಜ್ಜಿಕೊಂಡು ಓಲಾಟ ತಡೆಯುವ ಸರಳು. ಬೆಲೆ ಕಡಿಮೆ, ಆದರೆ ರಿವರ್ಸ್ ಹೋಗುವ ಮೊದಲು ಇಳಿದು ಕಳಚಬೇಕು, ರಸ್ತೆ ಜಾರುವಂತಿದ್ದರೆ ಸಡಿಲಿಸಬೇಕು. ಪಕ್ಕದ ಮನೆಯ ನಿವೃತ್ತ ಅಜ್ಜ ಭಾರ ಹಂಚುವ ಹಿಚ್ಚಿನ ಪರಮ ಭಕ್ತ. ಅದರ ಎರಡು ಸ್ಪ್ರಿಂಗ್ ಬಾರುಗಳು ಕಾರಿನ ಹಿಂಗಾಲಿಯ ಮೇಲೆ ಕೂತ ಭಾರದಲ್ಲಿ ಒಂದು ಪಾಲನ್ನು ಮುಂಗಾಲಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಗಾಲಿಗೂ ಸಾಗಿಸುತ್ತವೆ. ಈಕ್ವಲೈಸರ್‌ನಂಥವುಗಳಲ್ಲಿ ಓಲಾಟ ತಡೆಯುವ ಘರ್ಷಣೆಯೂ ಒಳಗೇ ಸೇರಿದೆ. ಅಂಗಡಿಯವನು ಇವರಿಬ್ಬರನ್ನೂ ಪಕ್ಕಕ್ಕೆ ಸರಿಸಿ ಹೆನ್ಸ್ಲಿ ಆ್ಯರೋ ಎಂಬ ಹಿಚ್ ತೋರಿಸಿದ. ಅದರ ಸಂದುಗಳ ಜೋಡಣೆ ಎಂಥದೆಂದರೆ, ಟ್ರೇಲರ್ ತಿರುಗುವ ಬಿಂದು ಗುಂಡಿನ ಬಳಿ ಇರದೆ ಕಾರಿನ ಹಿಂದಿನ ಅಚ್ಚಿನ ಹತ್ತಿರಕ್ಕೇ ಬಂದಂತೆ ನಡೆದುಕೊಳ್ಳುತ್ತದೆ. ಬೆಲೆ ಸಾವಿರಾರು ಡಾಲರ್. "ಕುಟುಂಬದ ಪ್ರಾಣಕ್ಕಿಂತ ದುಡ್ಡು ಹೆಚ್ಚೇ?" ಎಂದ. ಈ ಪ್ರಶ್ನೆಗೆ ಹೆಂಡತಿಯ ಎದುರು ಉತ್ತರ ಕೊಡುವ ಗಂಡಸು ಇನ್ನೂ ಹುಟ್ಟಿಲ್ಲ.

ಇದನ್ನೆಲ್ಲ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದ ಮಾವನವರು ಮಂಡ್ಯದ ಕಡೆಯವರು, ಪ್ರಾಯದಲ್ಲಿ ಕಬ್ಬಿನ ಗಾಡಿ ಹೊಡೆದವರು. "ಅಳಿಯಂದ್ರೇ, ಗಾಡಿ ಮುಂಭಾರವೋ ಹಿಂಭಾರವೋ ಅಂತ ಮೊದ್ಲು ನೋಡಿ. ಹಿಂಭಾರ ಆದ್ರೆ ಮೂಕಿ ಮೇಲಕ್ಕೆದ್ದು ಎತ್ತಿನ ಗಂಟಲಿಗೆ ಉರುಳಾಯ್ತದೆ. ಮುಂಭಾರ ಅತಿಯಾದ್ರೆ ಹೆಗಲು ಹುಣ್ಣಾಯ್ತದೆ. ನೊಗಕ್ಕೆ ಹದವಾಗಿ ಭಾರ ಕೊಡಿ, ಕೊಂಡಿ ಗಿಂಡಿ ಎಲ್ಲಾ ಆಮೇಲೆ" ಎಂದರು. ಟ್ರೇಲರಿನ ಕೈಪಿಡಿ ತೆರೆದರೆ ಅಲ್ಲೂ ಅದೇ: ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಗುಂಡಿನ ಮೇಲೆ ಬೀಳಬೇಕು, ಹತ್ತಕ್ಕಿಂತ ಕೆಳಗಿಳಿದರೆ ಸ್ವೇಯ ಭಯ. ಮಾವನವರಿಗೆ ಶೇಕಡಾವಾರು ಗೊತ್ತಿರಲಿಲ್ಲ, ಅಷ್ಟೇ.

ಸಾಮಾನು ತುಂಬಿಕೊಂಡು ಹೆದ್ದಾರಿ ಬದಿಯ ಕ್ಯಾಟ್ ಸ್ಕೇಲಿಗೆ ಹೋದೆವು. ಲಾರಿಯವರು ಒಂದೊಂದು ಅಚ್ಚಿನ ಭಾರವನ್ನೂ ಬೇರೆಬೇರೆಯಾಗಿ ತೂಗಿಸಿಕೊಳ್ಳುವ ಜಾಗ ಅದು. ವೇಬ್ರಿಜ್ ಕಂಡ ಕೂಡಲೇ ಮಾವನವರು ನನ್ನ ಕಿವಿಯ ಹತ್ತಿರ ಬಂದು, "ಇಲ್ಲಿ ತೂಕದಲ್ಲಿ ಟನ್ನಿಗೆ ಎಷ್ಟು ಹೊಡೀತಾರೆ?" ಎಂದು ವಿಚಾರಿಸಿದರು. ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಬಿಚ್ಚಿಟ್ಟು ಒಮ್ಮೆ ತೂಗಿಸಿ ಲೆಕ್ಕ ಹಾಕಿದಾಗ ಟ್ರೇಲರ್ 3,600 ಪೌಂಡ್, ಗುಂಡಿನ ಮೇಲೆ ಬರೀ 290. ಅಂದರೆ ಶೇಕಡಾ ಎಂಟು. ಶುದ್ಧ ಹಿಂಭಾರ. ಮಾರುವವರು ಹೇಳುವ ಒಣ ತೂಕದಲ್ಲಿ ನಮ್ಮ ಸಾಮಾನೂ ಇಲ್ಲ, ನೀರೂ ಇಲ್ಲ. ಒಂದು ಗ್ಯಾಲನ್ ನೀರೇ ಎಂಟು ಪೌಂಡಿಗೆ ಮೇಲೆ ತೂಗುತ್ತದೆ.

ತನಿಖೆ ನಡೆಯಿತು. ಹಿಂಬದಿಯ ಗೂಡಿನಲ್ಲಿ ವೆಟ್ ಗ್ರೈಂಡರ್, ಸೋನಾ ಮಸೂರಿಯ ಎರಡು ಚೀಲ, ಮಡಚುವ ಕುರ್ಚಿಗಳು, ಉಪ್ಪಿನಕಾಯಿಯ ಭರಣಿ. ಎಲ್ಲ ಸೇರಿ 110 ಪೌಂಡ್. ಅಷ್ಟನ್ನೂ ಗಾಲಿಯಿಂದ ಮುಂದಕ್ಕೆ, ಟ್ರೇಲರಿನ ಮೂತಿಯ ಕಡೆಗೆ ಸಾಗಿಸಿ ಮತ್ತೆ ತೂಗಿಸಿದಾಗ ಗುಂಡಿನ ಮೇಲೆ 430. ಶೇಕಡಾ ಹನ್ನೆರಡು! ಸಾವಿರಾರು ಡಾಲರ್ ಕೊಟ್ಟರೂ ಆಗದ ಕೆಲಸವನ್ನು ಬೆನ್ನುನೋವೊಂದರ ವೆಚ್ಚದಲ್ಲಿ ಮುಗಿಸಿದೆ.

ಇನ್ನೊಂದು ಲೆಕ್ಕ ಬಾಕಿಯಿತ್ತು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯ ಪ್ರಕಾರ ನಮ್ಮ ಕಾರು ಜನ, ಸಾಮಾನು ಸೇರಿ 1,300 ಪೌಂಡ್ ಹೊರಬಹುದು. ಗುಂಡಿನ ಮೇಲಿನ ಭಾರವೂ ಅದೇ ಖಾತೆಗೆ. ಐವರು ಮನುಷ್ಯರು 700, ಗುಂಡಿನ ಮೇಲೆ 430, ಭಾರ ಹಂಚುವ ಹಿಚ್ಚೇ 80. ಉಳಿದದ್ದು 90. "ಇನ್ನೂ ಸ್ವಲ್ಪ ಇಳಿಸೋಕೆ ಜಾಗ ಇದೆ ಬಿಡಿ" ಎಂದು ನನ್ನವಳು ಹೇಳಿದಾಗ ಅವಳ ಕಣ್ಣು ಸಾಮಾನಿನ ಕಡೆಗಿರಲಿಲ್ಲ, ನನ್ನ ಹೊಟ್ಟೆಯ ಕಡೆಗಿತ್ತು.

ಕೊನೆಗೆ ಅಜ್ಜನ ಪಂಥವೇ ಗೆದ್ದಿತು. 600 ಪೌಂಡಿನ ಬಾರುಗಳಿರುವ, ಓಲಾಟ ತಡೆಯೂ ಒಳಗೇ ಇರುವ ಹಿಚ್ ತಂದೆವು. ನಮ್ಮ ಕಾರಿನ ಕೈಪಿಡಿ ಅದನ್ನು ಒಪ್ಪುತ್ತದೆ. ಬೇಡ ಎನ್ನುವ ಕಾರುಗಳೂ ಇವೆ, ಕೊಳ್ಳುವ ಮುಂಚೆಯೇ ಓದಬೇಕು. ಗಟ್ಟಿಯಿರಲಿ ಎಂದು ಭಾರಕ್ಕೆ ಮೀರಿದ ಬಾರು ಹಾಕಿದರೆ ಪ್ರತಿ ಉಬ್ಬಿಗೂ ಕಾರು, ಟ್ರೇಲರ್, ಸೊಂಟ ಮೂರೂ ಕುಲುಕುತ್ತವೆ. ಇಷ್ಟೆಲ್ಲ ಇದ್ದೂ ಓಲಾಟ ಬಂದರೆ ಕಾರಿನ ಬ್ರೇಕ್ ಅದುಮಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಲ್ಲಿ ಒತ್ತಬೇಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಗಂಟೆಗೆ 55 ಮೈಲಿಯೇ ಮಿತಿ. ಓಹಾಯೋದಲ್ಲಿ ಕುಳಿತು ನಾನೂ ಅದನ್ನೇ ಪಾಲಿಸುತ್ತೇನೆ. ಸರ್ಕಾರಕ್ಕೆ ಹೆದರಿ ಅಲ್ಲ. ಮುಳ್ಳು ಅರವತ್ತರ ಹತ್ತಿರ ಹೋದರೆ ಹಿಂದಿನ ಸೀಟಿನಿಂದ "ಅಳಿಯಂದ್ರೇ" ಎಂಬ ಒಂದೇ ಶಬ್ದ ಬರುತ್ತದೆ.

ಟ್ರೇಲರ್ ಕೊಳ್ಳಲು ಹೊರಟ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ತೂಗಿಸಿ, ಸಾಮಾನನ್ನು ಹದವಾಗಿ ಜೋಡಿಸಿ, ಮತ್ತೊಮ್ಮೆ ತೂಗಿಸಿ, ಆಮೇಲೆ ಹಿಚ್ಚಿನ ಅಂಗಡಿಗೆ ಹೋಗಿ. ಹಿಂಭಾರದ ಟ್ರೇಲರನ್ನು ನೆಟ್ಟಗೆ ನಡೆಸುವ ಹಿಚ್ ಯಾವ ಅಂಗಡಿಯಲ್ಲೂ ಇಲ್ಲ.