ಹಳಿಯ ಲೆಕ್ಕ ಹಳಿಯಲ್ಲೇ

ಒಂದು ರೈಲ್ವೆ ಸ್ಟೇಷನ್ನಿಗೆ ಇಬ್ಬರು ಯಜಮಾನರಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಕಕ್ಕಸಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ಫ್ಯಾನು ಕೆಟ್ಟರೆ ಅದು ಅವರದ್ದು, ಅಂಗಡಿಯ ಬಾಡಿಗೆ ಬಂದರೆ ಅದು ನಮ್ಮದು. ಟೋಕಿಯೋದ ವಾಯವ್ಯಕ್ಕೆ, ಸೈತಾಮಾ ಪ್ರಾಂತ್ಯ ಶುರುವಾಗುವ ಜಾಗದಲ್ಲಿರುವ ವಾಕೋಶಿ ಸ್ಟೇಷನ್ನಿಗೆ ಇಬ್ಬರು ಯಜಮಾನರು. ಒಬ್ಬರು ತೋಬು ರೈಲ್ವೆ, ಇನ್ನೊಬ್ಬರು ಟೋಕಿಯೋ ಮೆಟ್ರೋ. ಕಕ್ಕಸು ತೆರೆದೇ ಇದೆ. ಒಳಗೆ ನೀರೂ ಬರುತ್ತದೆ.

ಮಗಳು, ಅಳಿಯಂದಿರು ಆ ಊರಿನಲ್ಲಿದ್ದಾರೆ. ಅವರ ಮನೆಗೆ ಹೋದಾಗಲೆಲ್ಲ ನನಗೆ ವಹಿಸುವ ಕೆಲಸ ಒಂದೇ, ಸಂಜೆ ಹೊತ್ತು ಮೊಮ್ಮಗನನ್ನು ಕರೆದುಕೊಂಡು ರೈಲು ತೋರಿಸಲು ಹೋಗುವುದು. ಕರೆದುಕೊಂಡು ಹೋಗುವವನು ನಾನು ಎಂಬುದು ಮಗಳ ಭಾವನೆ. ದಾರಿ ಗೊತ್ತಿರುವವನು, ಭಾಷೆ ಬರುವವನು, ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬಲ್ಲವನು ಅವನು. ನಾನು ಜೊತೆಯಲ್ಲಿರುವ ದೊಡ್ಡವನು, ಅಷ್ಟೆ.

ತೋಬುವಿನವರು ಈ ಊರಿಗೆ ಹಳಬರು. ಅವರ ಟೋಜೋ ಲೈನು 1914ರಲ್ಲಿ ಟೋಕಿಯೋದ ಇಕೆಬುಕುರೋದಿಂದ ಹೊರಟದ್ದು. ಈಗಿನ ಗುನ್ಮಾ ಪ್ರಾಂತ್ಯದವರೆಗೂ ಹೋಗಿ ಮುಟ್ಟುತ್ತೇವೆ ಎಂಬ ಹುಮ್ಮಸ್ಸು ಅದಕ್ಕಿತ್ತು. 1925ರಲ್ಲಿ ಯೋರಿ ಎಂಬಲ್ಲಿಗೆ ಬಂದು ನಿಂತಿತು, ಅಲ್ಲಿಂದ ಮುಂದಕ್ಕೆ ಕದಲಲಿಲ್ಲ. ವಾಕೋಶಿಯಲ್ಲಿ ಸ್ಟೇಷನ್ ಆದದ್ದು 1934ರಲ್ಲಿ, ಆಗ ಅದರ ಹೆಸರು ನೀಕುರಾ. ನೆಲದಡಿಯಿಂದ ಯೂರಾಕುಚೋ ಲೈನು ಬಂದು ಇಲ್ಲಿಗೆ ಕೂಡಿಕೊಂಡದ್ದು 1987ರ ಆಗಸ್ಟಿನಲ್ಲಿ. ಮೆಟ್ರೋ ಕಂಪನಿಗೆ ಸೈತಾಮಾದಲ್ಲಿರುವುದು ಇದೊಂದೇ ಸ್ಟೇಷನ್ನು. ಅದನ್ನೂ ನಡೆಸುವವರು ತೋಬುವಿನವರು. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತವರು, ಸೀಟಿ ಊದುವವರು, ದಾರಿ ತಪ್ಪಿದವರಿಗೆ ದಾರಿ ಹೇಳುವವರು ಎಲ್ಲ ತೋಬು ಸಿಬ್ಬಂದಿ. ಬೋರ್ಡಿನಲ್ಲಿ ಮಾತ್ರ ಎರಡೂ ಕಡೆಯ ಗುರುತು ಸರಿಸಮವಾಗಿ ಕಾಣುತ್ತದೆ: ತೋಬುವಿಗೆ ಕಡುನೀಲಿ, ಯೂರಾಕುಚೋಗೆ ಚಿನ್ನದ ಬಣ್ಣ, 2008ರಲ್ಲಿ ಬಂದ ಫುಕುತೋಶಿನ್ ಲೈನಿಗೆ ಕಂದು. ಮೆಟ್ರೋದ ಎರಡೂ ಲೈನಿನಲ್ಲಿ ವಾಕೋಶಿ ಒಂದನೇ ನಂಬರು, ತೋಬುವಿನಲ್ಲಿ ಹನ್ನೊಂದನೇದು. ಒಂದೇ ಜಾಗ ಒಬ್ಬರಿಗೆ ಊರಬಾಗಿಲು, ಇನ್ನೊಬ್ಬರಿಗೆ ದಾರಿಯಲ್ಲಿ ಸಿಗುವ ಹತ್ತರಲ್ಲಿ ಹನ್ನೊಂದು.

ಎರಡು ಪ್ಲಾಟ್‌ಫಾರಂ, ನಾಲ್ಕು ಹಳಿ. ಹೊರಗಿನ ಎರಡು ತೋಬುವಿಗೆ, ನಡುವಿನ ಎರಡು ಮೆಟ್ರೋ ಗಾಡಿಗಳಿಗೆ. ಒಂದರಿಂದ ಇಳಿದು ಪ್ಲಾಟ್‌ಫಾರಂ ದಾಟಿ ಎದುರಿನದಕ್ಕೆ ಹತ್ತಿದರೆ ಕಂಪನಿ ಬದಲಾಯಿತು. ನಡುವೆ ಗೇಟಿಲ್ಲ, ತಪಾಸಣೆಯಿಲ್ಲ, ಗಡಿ ತೋರುವ ಗೆರೆ ಕೂಡ ಇಲ್ಲ. ಇಕೆಬುಕುರೋಗೆ ಎರಡು ದಾರಿಯಿದೆ, ಮೇಲಿನಿಂದ ತೋಬು, ಕೆಳಗಿನಿಂದ ಮೆಟ್ರೋ. ನೀವು ಯಾರ ಗಿರಾಕಿ ಎಂಬುದು ಹತ್ತುವಾಗ ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಹೋಗಿ ಯಾರ ಗೇಟಿನಿಂದ ಹೊರಗೆ ಬಂದಿರೋ ಅವರ ದರ ಕಾರ್ಡಿನಿಂದ ಕಳೆಯುತ್ತದೆ. ಇಷ್ಟು ನಿರಾಳವಾಗಿ ಇರುವುದಕ್ಕೆ ಇಬ್ಬರೂ ಬಹಳ ಒಳ್ಳೆಯವರಿರಬೇಕು ಅಂತ ಮೊದಮೊದಲು ಅನಿಸುತ್ತದೆ. ಹಾಗೇನೂ ಇಲ್ಲ. ಗೆರೆಯಿದೆ, ಅದನ್ನು ಪ್ರಯಾಣಿಕರ ಕಾಲಿಗೆ ಸಿಗದ ಜಾಗದಲ್ಲಿ ಎಳೆದಿದ್ದಾರೆ.

ಅದು ಕಾಣಬೇಕಾದರೆ ಪ್ಲಾಟ್‌ಫಾರಮ್ಮಿನ ತುದಿಗೆ ಹೋಗಬೇಕು. ಮೊಮ್ಮಗನ ಖಾಯಂ ಜಾಗ ಅದೇ. ಎದೆಮಟ್ಟದ ಗೇಟು ಅವನಿಗೆ ಮೂಗಿನಮಟ್ಟ. ಕಾವಾಗೋಎ ಕಡೆಯಿಂದ ತೋಬು ಹಳಿಯಲ್ಲಿ ಬಂದು ಹಾಗೇ ಮೆಟ್ರೋ ಹಳಿಗೆ ಮುಂದುವರಿಯುವ ಗಾಡಿಗೆ ಕಾಯುತ್ತ ಅಲ್ಲೊಬ್ಬ ಡ್ರೈವರ್ ಮೊದಲೇ ಬಂದು ನಿಂತಿರುತ್ತಾನೆ. ಬಿಳಿ ಕೈಗವಸು, ಪಕ್ಕದಲ್ಲಿ ಕಪ್ಪು ಚೀಲ. ಗಾಡಿ ಬಂದು ನಿಂತಿತು. ಒಳಗಿದ್ದ ತೋಬು ಡ್ರೈವರ್ ಮುಂದಿನ ಗುಳಿಯಲ್ಲಿಟ್ಟಿದ್ದ ಜೇಬುಗಡಿಯಾರ ಎತ್ತಿಕೊಂಡು, ವೇಳೆಯ ಚೀಟಿ ತೆಗೆದುಕೊಂಡು ಇಳಿದ. ಹಣೆಗೆ ಕೈಯಿಟ್ಟು ಸಲಾಂ, ಏನೂ ತೊಂದರೆಯಿಲ್ಲ ಎಂಬರ್ಥದ ಎರಡು ಮಾತು. ಮೆಟ್ರೋ ಡ್ರೈವರ್ ಒಳಗೆ ಹೋಗಿ ತನ್ನ ಗಡಿಯಾರವನ್ನು ಅದೇ ಗುಳಿಯಲ್ಲಿ ಕೂರಿಸಿದ. ಸಿಗ್ನಲ್ ಕಡೆ ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿದ. ನಮ್ಮಲ್ಲಿ ಒಬ್ಬರೇ ಹೀಗೆ ಮಾತಾಡಿಕೊಂಡರೆ ಮನೆಯವರು ಚಿಂತೆಗೆ ಬೀಳುತ್ತಾರೆ, ಅಲ್ಲಿ ಅದು ಡ್ಯೂಟಿ.

ಇನ್ನೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟವನು ಮೊಮ್ಮಗ. "ತಾತ, ಇಳಿದವರು ಇಬ್ಬರು, ಹತ್ತಿದವರು ಒಬ್ಬರು, ಎಣಿಸು" ಅಂದ. ಹೌದು, ತೋಬುವಿನ ಹಳಿಯಲ್ಲಿ ಮುಂದೆ ಡ್ರೈವರ್, ಹಿಂದೆ ಗಾರ್ಡು. ನೆಲದಡಿಯ ಹಳಿಯಲ್ಲಿ ಗಾಡಿ ತಾನಾಗಿಯೇ ಓಡಿ ತಾನಾಗಿಯೇ ನಿಲ್ಲುವ ಏರ್ಪಾಡಿದೆ. ಬಾಗಿಲು ಹಾಕುವುದನ್ನು ಡ್ರೈವರೇ ಎದುರಿನ ಪರದೆಯಲ್ಲಿ ನೋಡಿಕೊಂಡು ಮಾಡುತ್ತಾನೆ, ಗಾರ್ಡು ಬೇಕಿಲ್ಲ. ಹಾಗಾಗಿ ಹತ್ತು ಬೋಗಿಯ ಗಾಡಿ ಗಡಿ ದಾಟುವಾಗ ಒಬ್ಬ ಮನುಷ್ಯನನ್ನು ಇಲ್ಲೇ ಬಿಟ್ಟು ಹೋಗುತ್ತದೆ. ಹಿಂದಿರುಗಿ ಬರುವ ಗಾಡಿ ಅವನನ್ನೋ ಅವನಂಥ ಇನ್ನೊಬ್ಬನನ್ನೋ ಹತ್ತಿಸಿಕೊಳ್ಳುತ್ತದೆ. ಒಳಗೆ ಮೊಬೈಲು ನೋಡುತ್ತ ಕೂತವರಲ್ಲಿ ಒಬ್ಬರೂ ತಲೆಯೆತ್ತುವುದಿಲ್ಲ.

ದುಡ್ಡಿನ ಕಥೆ ಇದಕ್ಕಿಂತ ಸ್ವಾರಸ್ಯ. ತೋಬುವಿನ ಬೋಗಿಗಳು ಮೆಟ್ರೋ ಹಳಿಯ ಮೇಲೆ ಓಡಿದರೆ ಮೆಟ್ರೋ ಅವನ್ನು ಬಾಡಿಗೆಗೆ ಪಡೆದ ಲೆಕ್ಕ. ಮೆಟ್ರೋ ಬೋಗಿಗಳು ತೋಬು ಹಳಿಗೆ ಬಂದರೆ ಬಾಕಿ ತಿರುಗಿತು. ತಿಂಗಳು ತಿಂಗಳು ರಸೀತಿ ಬರೆಯುವ ಬದಲು, ಇವರು ಅವರಲ್ಲಿ ಎಷ್ಟು ಕಿಲೋಮೀಟರ್ ಓಡಿದರೋ ಅವರೂ ಇವರಲ್ಲಿ ಅಷ್ಟೇ ಓಡುವಂತೆ ಟೈಂಟೇಬಲ್ಲು ಬರೆಯುವಾಗಲೇ ಹೊಂದಿಸುತ್ತಾರೆ. ನಮ್ಮ ತಾಯಿಯವರು ಪಕ್ಕದ ಮನೆಯ ಬಟ್ಟಲನ್ನು ಖಾಲಿ ಹಿಂದಿರುಗಿಸಿದವರಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ಅದನ್ನು ನಾವು ಪ್ರೀತಿ ಅಂದುಕೊಂಡಿದ್ದೆವು. ಲೆಕ್ಕವೂ ಇತ್ತು ಅಂತ ಈಗ ಅನುಮಾನ, ಇದ್ದರೂ ತಪ್ಪಿಲ್ಲ. ಪ್ರೀತಿಯೊಂದನ್ನೇ ನಂಬಿಕೊಂಡ ಬಟ್ಟಲುಗಳು ಎಷ್ಟೋ ಮನೆಗಳಲ್ಲಿ ಅಲ್ಲಲ್ಲೇ ಉಳಿದುಹೋಗಿವೆ.

ಇಬ್ಬರೇ ಆಗಿದ್ದರೆ ಲೆಕ್ಕ ಹಗುರ. 2013ರ ಮಾರ್ಚಿನಿಂದ ಫುಕುತೋಶಿನ್ ಲೈನು ಶಿಬುಯಾದಲ್ಲಿ ಟೋಕ್ಯು ಕಂಪನಿಯ ಟೋಯೋಕೋ ಲೈನಿಗೆ ಕೂಡಿಕೊಂಡಿದೆ. ಅಲ್ಲಿಂದ ಮುಂದೆ ಯೋಕೋಹಾಮಾದ ಸಮುದ್ರದ ಪಕ್ಕದಲ್ಲಿರುವುದು ಇನ್ನೊಂದು ಕಂಪನಿಯ ಹಳಿ. ಸ್ಟೇಷನ್ನಿನ ಯಜಮಾನರು ಇಬ್ಬರೇ, ಬಂದುಹೋಗುವ ಗಾಡಿಗಳು ಹಲವು ಮನೆಯವು. ಮೊಮ್ಮಗ ಮುಖ ನೋಡಿಯೇ ಗುರುತಿಸುತ್ತಾನೆ. ಮೂತಿಗೆ ಕಿತ್ತಳೆ ಬಳಿದುಕೊಂಡದ್ದು ತೋಬುವಿನ 50070, ಕಂದು-ಚಿನ್ನದ ಪಟ್ಟೆಯದು ಮೆಟ್ರೋದ 10000, ಕೆಂಪು ಕಂಡರೆ ಟೋಕ್ಯುವಿನ 5050, ನೀಲಿ-ಹಳದಿ ಕಲಸಿದಂತಿದ್ದರೆ ಯೋಕೋಹಾಮಾದ ವೈ 500. ಈ ನೀಲಿ-ಹಳದಿ ಅಪರೂಪ. ಅದು ಬಂದ ಸಂಜೆ ಅವನು ಎರಡು ಚಪಾತಿ ಹೆಚ್ಚು ತಿನ್ನುತ್ತಾನೆ ಅಂತ ಮಗಳು ಹೇಳುತ್ತಾಳೆ.

ಬಿರುದುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಎಫ್ ಲೈನರ್ ಅಂತ ಒಂದು ಗಾಡಿಯಿದೆ. ಮೆಟ್ರೋ ಹಳಿಯಲ್ಲಿ ಅದು ಬರೀ ಎಕ್ಸ್‌ಪ್ರೆಸ್. ಶಿಬುಯಾ ದಾಟಿ ಟೋಕ್ಯು ಹಳಿಗೆ ಕಾಲಿಟ್ಟ ಕೂಡಲೇ ಲಿಮಿಟೆಡ್ ಎಕ್ಸ್‌ಪ್ರೆಸ್. ಗಾಡಿ ಅದೇ, ಸೀಟು ಅದೇ, ಕೂತವರೂ ಅವರೇ. ನಮ್ಮಲ್ಲೂ ಕೆಲವರಿಗೆ ತಾಲ್ಲೂಕು ದಾಟಿದ ಮೇಲೆ ಡಾಕ್ಟರೇಟು ಬರುವುದುಂಟು. ಹೆಸರು ಹೇಳುವುದು ಬೇಡ.

ಇದನ್ನೆಲ್ಲ ಕಂಡು ಜಪಾನಿನವರ ಗುಣವೇ ಹಾಗೆ ಅಂತ ತೀರ್ಮಾನ ಕೊಡುವವರಿದ್ದಾರೆ. ಗುಣಕ್ಕಿಂತ ಮೊದಲು ಗೇಜು. ಟೋಕಿಯೋದ ಮೊದಲ ಸುರಂಗ ರೈಲು 1927ರಲ್ಲಿ ಅಸಾಕುಸಾದಿಂದ ಉಏನೋಗೆ ಓಡಿತು. ಅದರ ಹಳಿಯ ಅಗಲ 1435 ಮಿಲಿಮೀಟರ್, ಕರೆಂಟು ಪಕ್ಕದ ಮೂರನೇ ಹಳಿಯಿಂದ. ಮೇಲಿನ ಬಹುಪಾಲು ರೈಲುಗಳದ್ದು 1067, ಕರೆಂಟು ತಲೆಯ ಮೇಲಿನ ತಂತಿಯಿಂದ. ಇವು ಒಂದರ ಮನೆಗೊಂದು ಹೋಗುವ ಮಾತೇ ಇಲ್ಲ. ಮುಂದೆ ನೆಲದಡಿಯ ಲೈನುಗಳನ್ನು ಹಾಕುವಾಗ, ಹೊರಗಿನಿಂದ ಬರುವ ಕಂಪನಿಯ ಅಳತೆ ಕೇಳಿಕೊಂಡೇ ಹಾಕತೊಡಗಿದರು. ಕೇಸೇ ಎಂಬ ರೈಲು ಕಂಪನಿಯಂತೂ 1959ರಲ್ಲಿ ತನ್ನ ಹಳಿಯನ್ನೆಲ್ಲ ಕಿತ್ತು 1372ರಿಂದ 1435ಕ್ಕೆ ಅಗಲ ಮಾಡಿಕೊಂಡಿತು. ಮರುವರ್ಷ ಅದರ ಗಾಡಿ ಸುರಂಗಕ್ಕೆ ಇಳಿಯಿತು, ಆ ದೇಶದಲ್ಲಿ ಖಾಸಗಿ ರೈಲೂ ಸುರಂಗ ರೈಲೂ ಹೀಗೆ ಬೆರೆತದ್ದು ಅದೇ ಮೊದಲು.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಅನ್ನುವಂತಿಲ್ಲ. ಬೊಂಬಾಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಮದ್ರಾಸು ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಹಳಿ ಹಾಕುತ್ತ ಬಂದು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಒಂದೇ ಅಗಲದ ಹಳಿ, ಆದ್ದರಿಂದಲೇ ಕೂಡಲು ಬಂತು. ಬೆಂಗಳೂರಿನಲ್ಲಿ ಮೀಟರ್ ಗೇಜು, ಬ್ರಾಡ್ ಗೇಜು ಎರಡೂ ಒಂದೇ ಸ್ಟೇಷನ್ನಿನಲ್ಲಿದ್ದವು, ಯಜಮಾನರೂ ಒಬ್ಬರೇ. ಆದರೂ ಮೈಸೂರಿನಿಂದ ಮದ್ರಾಸಿಗೆ ಹೋಗುವವರು ಹಾಸಿಗೆ, ಟ್ರಂಕು, ಕೂಜ, ಮಕ್ಕಳನ್ನು ಎಣಿಸಿಕೊಂಡು ಇಳಿದು ಹತ್ತಲೇಬೇಕಿತ್ತು. ಯಜಮಾನರು ಒಬ್ಬರಾದ ಮಾತ್ರಕ್ಕೆ ಕೂಲಿಯ ಖರ್ಚು ಉಳಿಯಲಿಲ್ಲ.

ವಾಕೋಶಿಯಲ್ಲಿ ಇಳಿಯುವವರಲ್ಲಿ ಒಂದಷ್ಟು ಜನ ರಿಕೆನ್ ಸಂಶೋಧನಾ ಸಂಸ್ಥೆಗೆ ಹೋಗುವವರು. ಅಳಿಯಂದಿರ ಕೆಲಸ ಅಲ್ಲೇ. ಮನೆ ಊರಿನಲ್ಲೇ ಇರುವುದರಿಂದ ಅವರಿಗೆ ರೈಲು ಬೇಡ, ಸ್ಟೇಷನ್ನಿನ ಮುಂದೆ ಹಾದು ನಡೆದೇ ಹೋಗುತ್ತಾರೆ. ಆ ರಸ್ತೆಗೆ ನಿಹೋನಿಯಂ ಹೆಸರು, ಕಾಲುದಾರಿಯಲ್ಲಿ ಹೈಡ್ರೋಜನ್‌ನಿಂದ ಮೊದಲುಗೊಂಡು ಒಂದೊಂದು ಮೂಲಧಾತುವಿಗೆ ಒಂದೊಂದು ಫಲಕ. ನಿಹೋನಿಯಂ ಎಂಬ ಮೂಲಧಾತು ಸಿಕ್ಕಿದ್ದು ರಿಕೆನ್‌ನಲ್ಲಿಯೇ. ಕೋಸುಕೆ ಮೊರಿತಾ ಅವರ ತಂಡ ಸತುವಿನ ಪರಮಾಣುಗಳನ್ನು ಬಿಸ್ಮತ್ತಿನ ಮೇಲೆ ಹೊಡೆಯುತ್ತ ಕೂತಿತು. ಸತುವಿನ ನಂಬರು 30, ಬಿಸ್ಮತ್ತಿನದು 83, ಕೂಡಿದರೆ 113, ಅದೇ ನಿಹೋನಿಯಂ. ಕೂಡಿಸುವುದು ಕಾಗದದ ಮೇಲೆ ಸುಲಭ. ಅವರಿಗೆ ಮೊದಲನೆಯದು ಸಿಕ್ಕಿದ್ದು 2004ರಲ್ಲಿ, ಎರಡನೆಯದು 2005ರಲ್ಲಿ, ಮೂರನೆಯದು 2012ರಲ್ಲಿ. ಹುಟ್ಟಿದ್ದು ಕಣ್ಣು ಮಿಟುಕಿಸುವುದರೊಳಗೆ ಇಲ್ಲ. ಗಾಡಿ ಒಂದು ನಿಮಿಷ ತಡವಾದರೆ ಮೈಕಿನಲ್ಲಿ ಕ್ಷಮೆ ಕೇಳುವ ಊರಿನಲ್ಲಿ, ಎರಡನೆಯ ಪರಮಾಣುವಿಗೂ ಮೂರನೆಯದಕ್ಕೂ ನಡುವೆ ಏಳು ವರ್ಷ ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ.

ರೈಲಿಗೆ ಆ ಸೌಲಭ್ಯವಿಲ್ಲ. ಇಷ್ಟುದ್ದ ಒಂದಕ್ಕೊಂದು ಕೊಂಡಿ ಹಾಕಿಕೊಂಡದ್ದರ ತೊಂದರೆಯೂ ಇದೆ. ಎಲ್ಲೋ ದೂರದಲ್ಲಿ ಯಾರೋ ಪ್ರಯಾಣಿಕರಿಗೆ ತಲೆಸುತ್ತು ಬಂದರೆ, ಆ ತಲೆಸುತ್ತು ಕಂಪನಿಯಿಂದ ಕಂಪನಿಗೆ ದಾಟಿ ಇಲ್ಲಿಗೂ ಬರುತ್ತದೆ. ತೀರಾ ಹೆಚ್ಚಾದರೆ ಒಬ್ಬರ ಗಾಡಿ ಇನ್ನೊಬ್ಬರಲ್ಲಿಗೆ ಹೋಗುವುದನ್ನೇ ಆ ಹೊತ್ತಿಗೆ ನಿಲ್ಲಿಸುತ್ತಾರೆ. ಆಗ ಅವರವರ ಗಾಡಿ ಅವರವರ ಹಳಿಗೆ. ಎಂದೂ ಕಾಣದ ಗೆರೆ ಅವತ್ತು ಪ್ಲಾಟ್‌ಫಾರಮ್ಮಿನ ತುಂಬ ಜನರ ರೂಪದಲ್ಲಿ ನಿಂತಿರುತ್ತದೆ. ಹೊಂದಿಸಿಟ್ಟ ಕಿಲೋಮೀಟರ್ ಲೆಕ್ಕವೂ ಏರುಪೇರು, ಅದನ್ನು ಇನ್ನೊಂದು ದಿನ ಓಡಿ ತೀರಿಸಬೇಕು. ಮೊಮ್ಮಗನಿಗೆ ಮಾತ್ರ ಅಂಥ ದಿನ ಹಬ್ಬ. ಎಲ್ಲೋ ಹೋಗಬೇಕಾಗಿದ್ದ ಗಾಡಿಗಳು ಇಲ್ಲೇ ಸಿಕ್ಕಿಕೊಂಡಿರುತ್ತವೆ, ನೀಲಿ-ಹಳದಿಯದು ಇರುವ ಸಂಭವವೂ ಉಂಟು.

ಐದು ನಿಮಿಷಕ್ಕಿಂತ ಹೆಚ್ಚು ತಡವಾದರೆ ಗೇಟಿನ ಹತ್ತಿರ ಒಂದು ಚೀಟಿ ಕೊಡುತ್ತಾರೆ. ಇಂಥ ದಿನ ಗಾಡಿ ಇಷ್ಟು ತಡ, ತಪ್ಪು ಈ ಪ್ರಯಾಣಿಕರದ್ದಲ್ಲ ಎಂಬುದಕ್ಕೆ ಅದು ಪುರಾವೆ. ಆಫೀಸಿನಲ್ಲೋ ಶಾಲೆಯಲ್ಲೋ ತೋರಿಸಿದರೆ ಯಾರೂ ಎದುರು ಮಾತಾಡುವುದಿಲ್ಲ. ಈಗ ಕಂಪನಿಗಳ ವೆಬ್‌ಸೈಟಿನಲ್ಲೇ ಸಿಗುತ್ತದೆ, ಆದರೂ ಕಾಗದದ ಚೀಟಿಗೆ ಬೇಡಿಕೆ ಹೋಗಿಲ್ಲ. ಒಂದು ಬೆಳಿಗ್ಗೆ ಭಾರಿ ತಡ. ಸ್ಟೇಷನ್ನಿನಲ್ಲಿ ಕೈಚಾಚಿಕೊಂಡು ಸಾಲು ನಿಂತಿತ್ತು. ಕೋಟು ತೊಟ್ಟವರ ನಡುವೆ ಅಳಿಯಂದಿರೂ ಗಂಭೀರವಾಗಿ ನಿಂತು ಒಂದು ಚೀಟಿ ಈಸಿಕೊಂಡರು. ನಡೆದು ಹೋಗುವವರಿಗೆ ಇದೇಕೆ ಅಂತ ಸಂಜೆ ಕೇಳಿದೆ. "ಇವನ ಆಲ್ಬಮ್ಮಿನಲ್ಲಿ ಈ ತಿಂಗಳದ್ದು ಇರಲಿಲ್ಲ, ಮಾವ" ಅಂದರು. ಅವತ್ತು ಲ್ಯಾಬಿಗೆ ಹತ್ತು ನಿಮಿಷ ತಡವಾಗಿ ಹೋದರಂತೆ. ಕೇಳಿದವರಿಗೆ ಚೀಟಿ ತೋರಿಸಿದರಂತೆ.